ವಜಾ ಮಾಡಿ, ಕಾರಣ ಬರೆಯಿರಿ

ಸಿವಿಲ್ ದಾವೆಯ ತೀರ್ಪನ್ನು ಮರುಪರಿಶೀಲಿಸಿ ಎಂದು ಕೋರಿದ ಅರ್ಜಿ ವಜಾ ಆಗುವಾಗ ನ್ಯಾಯಾಲಯಗಳು ಮತ್ತೆ ಮತ್ತೆ ಆಡುವ ಮಾತೊಂದಿದೆ: ಮರುಪರಿಶೀಲನೆಯೆಂದರೆ ವೇಷ ಬದಲಿಸಿ ಬಂದ ಮೇಲ್ಮನವಿಯಲ್ಲ. ತುಂಗಭದ್ರಾ ಇಂಡಸ್ಟ್ರೀಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿದ ಮಾತದು. ಅದನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೆಂದರೆ, ಆ ಪ್ರಕರಣದಲ್ಲಿ ಗೆದ್ದದ್ದು ಮರುಪರಿಶೀಲನೆ ಕೋರಿದ್ದ ಕಂಪನಿಯೇ.

ಅದು ಮಾರಾಟ ತೆರಿಗೆಯ ತಕರಾರು. ಇದರಲ್ಲಿ ಮಹತ್ವದ ಕಾನೂನು ಪ್ರಶ್ನೆ ಅಡಗಿದೆ ಎಂದು 1956ರಲ್ಲಿ ಒಪ್ಪಿದ್ದ ಹೈಕೋರ್ಟ್, ಬೇರೆ ವರ್ಷಗಳ ತೆರಿಗೆಯ ಬಗ್ಗೆ ಅದೇ ಪ್ರಶ್ನೆ 1959ರಲ್ಲಿ ಎದುರಾದಾಗ ಅಂಥದ್ದೇನೂ ಇಲ್ಲ ಎಂದುಬಿಟ್ಟಿತು. ದೀರ್ಘ ವಾದವಿಲ್ಲದೆ ಬೆರಳಿಟ್ಟು ತೋರಿಸಬಹುದಾದ, ಎರಡು ಅಭಿಪ್ರಾಯಕ್ಕೆ ಎಡೆಯಿಲ್ಲದ ತಪ್ಪು ಇದು ಎಂದು ಸುಪ್ರೀಂ ಕೋರ್ಟ್ ಕಂಪನಿಯ ಮೇಲ್ಮನವಿಯನ್ನು ಪುರಸ್ಕರಿಸಿತು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 114ನೇ ಕಲಂ ಮತ್ತು 47ನೇ ಆದೇಶ ಕೊಟ್ಟಿರುವ ಈ ಅಧಿಕಾರದ ವ್ಯಾಪ್ತಿ ಕಿರಿದು. ಅದು ಹಾಗೇ ಇರಬೇಕು. ತಕ್ಕ ಪ್ರಯತ್ನ ಮಾಡಿದ್ದರೂ ಆಗ ಸಿಗದಿದ್ದ ಮಹತ್ವದ ಸಾಕ್ಷ್ಯ ಈಗ ಸಿಕ್ಕಿರಬೇಕು, ಇಲ್ಲವೇ ದಾಖಲೆಯಲ್ಲೇ ಎದ್ದು ಕಾಣುವ ತಪ್ಪಿರಬೇಕು, ಅಥವಾ ಇವುಗಳ ಸಾಲಿಗೆ ಸೇರುವ ಬೇರೆ ಬಲವಾದ ಕಾರಣವಿರಬೇಕು. ಅರ್ಜಿ ಸಲ್ಲಿಸಲು 30 ದಿನಗಳ ಕಾಲಮಿತಿ. ತೀರ್ಪಿಗೆ ಆಧಾರವಾಗಿದ್ದ ಕಾನೂನಿನ ನಿಲುವನ್ನು ಮೇಲಿನ ನ್ಯಾಯಾಲಯ ಮುಂದೆ ಬೇರೊಂದು ಪ್ರಕರಣದಲ್ಲಿ ಬದಲಿಸಿದರೆ ಅದು ಮರುಪರಿಶೀಲನೆಗೆ ಕಾರಣವಾಗದು ಎಂದು 1976ರ ತಿದ್ದುಪಡಿ ಹೇಳಿದೆ. ಸೋತವರೆಲ್ಲ ಹಳೆಯ ವಾದವನ್ನೇ ಮತ್ತೆ ಹೂಡುವಂತಿದ್ದರೆ ಗೆದ್ದವರಿಗೆ ಡಿಕ್ರಿಯ ಫಲ ಎಂದೂ ದಕ್ಕದು.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮೂಲ ತೀರ್ಪು ಬರೆದ ನ್ಯಾಯಾಧೀಶರು ಅದೇ ನ್ಯಾಯಾಲಯದಲ್ಲಿದ್ದರೆ ಅರ್ಜಿ ಸಾಮಾನ್ಯವಾಗಿ ಅವರ ಮುಂದೆಯೇ ಬರುತ್ತದೆ. ಅವರು ತಿರಸ್ಕರಿಸಿದರೆ ಆ ತಿರಸ್ಕಾರದ ವಿರುದ್ಧ ಸಂಹಿತೆಯಡಿ ಮೇಲ್ಮನವಿ ಇಲ್ಲ, ಎರಡನೇ ಬಾರಿ ಮರುಪರಿಶೀಲನೆ ಕೇಳುವಂತೆಯೂ ಇಲ್ಲ. ತಾನು ಬರೆದದ್ದರಲ್ಲಿ ತಪ್ಪಿದೆಯೇ ಎಂದು ತಾನೇ ನಿರ್ಧರಿಸುವಾಗ, ಆ ನಿರ್ಧಾರವನ್ನು ಮುಂದೆ ತೂಗುವವರೂ ಇಲ್ಲದಿರುವಾಗ, ‘ಮೇಲ್ನೋಟಕ್ಕೆ ತಪ್ಪು ಕಾಣುವುದಿಲ್ಲ’ ಎಂಬ ಸಿದ್ಧ ಸಾಲು ಸಾಲದು. ಕಕ್ಷಿದಾರ ತೋರಿಸಿದ ತಪ್ಪು ಯಾವುದು, ಆ ಬಗ್ಗೆ ದಾಖಲೆ ಏನು ಹೇಳುತ್ತದೆ, ಅದು ಎದ್ದು ಕಾಣುವ ತಪ್ಪಲ್ಲ ಏಕೆ ಎಂಬ ಮೂರು ಪ್ರಶ್ನೆಗಳಿಗೆ ಆದೇಶದಲ್ಲಿ ಉತ್ತರವಿರಬೇಕು. ಅದಕ್ಕೆ ಪುಟಗಟ್ಟಲೆ ಬರೆಯಬೇಕಿಲ್ಲ, ಒಂದು ಪ್ಯಾರಾ ಸಾಕು.

ವಕೀಲರಿಗೂ ಅಷ್ಟೇ. ತಪ್ಪು ತೀರ್ಪಿನ ಯಾವ ಪುಟದಲ್ಲಿದೆ ಎಂದು ಒಂದು ಪ್ಯಾರಾದಲ್ಲಿ ತೋರಿಸಲಾಗದಿದ್ದರೆ ಆ ತಕರಾರು ಮರುಪರಿಶೀಲನೆಯದ್ದಲ್ಲ. ಕಕ್ಷಿದಾರನಿಂದ ಇನ್ನೊಂದು ಫೀಸು ಪಡೆಯುವ ಮೊದಲು ಅದನ್ನು ಅವನಿಗೆ ಬಿಡಿಸಿ ಹೇಳಬೇಕು.