ಲಾಟರಿಗೆ ಮುನ್ನವೇ ಸೋಲುವ ಊರುಗಳು

2022ರ ಏಪ್ರಿಲ್‌ನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಯುವಜನರಿಗೆ ಸಂಬಂಧಿಸಿದ ಒಂದು ಅಂಶವಿತ್ತು. 18ರಿಂದ 30 ವರ್ಷದೊಳಗಿನ ಸಾವಿರ ಭಾರತೀಯರು ಪ್ರತಿವರ್ಷ ‘ವರ್ಕ್ ಅಂಡ್ ಹಾಲಿಡೇ’ ವೀಸಾ ಪಡೆದು ಆ ದೇಶದಲ್ಲಿ ಒಂದು ವರ್ಷ ಇರಬಹುದು, ಸುತ್ತಾಡಬಹುದು, ಖರ್ಚಿಗೆ ದುಡಿದುಕೊಳ್ಳಬಹುದು. 2024ರ ಅಕ್ಟೋಬರ್ 1ರಂದು ನೋಂದಣಿ ಶುರುವಾದಾಗ ಎರಡೇ ವಾರದಲ್ಲಿ 40,000 ಮಂದಿ ಹೆಸರು ಹಚ್ಚಿದರು. ಬ್ರಿಟನ್ ಕೂಡ ಪದವೀಧರರಿಗೆ ಇಂಥದ್ದೇ ಎರಡು ವರ್ಷದ ಯೋಜನೆಯನ್ನು 2023ರ ಫೆಬ್ರುವರಿ 28ರಂದು ಜಾರಿಗೆ ತಂದಿದೆ. ಅಲ್ಲಿ ವರ್ಷಕ್ಕೆ 3,000 ಸ್ಥಾನ. ಎರಡೂ ಕಡೆ ಆಯ್ಕೆ ನಡೆಯುವುದು ಲಾಟರಿಯಿಂದ. ಹಾಗಾಗಿ ಇದರಷ್ಟು ನ್ಯಾಯವಾದ ವ್ಯವಸ್ಥೆ ಮತ್ತೊಂದಿಲ್ಲ ಎಂದು ಹಲವರು ಹೊಗಳುತ್ತಾರೆ. ಭತ್ತದ ನಾಟಿಗೆ ಆಳು ಸಿಗದ, ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಿಂದ ಡಿಗ್ರಿ ಓದಿದ ಮಕ್ಕಳನ್ನು ಹೊರದೇಶದ ಕೂಲಿಗೆ ಕಳಿಸುವುದು ಸರ್ಕಾರದ ಕೆಲಸವೇ ಎಂದು ಕೇಳುವವರೂ ಇದ್ದಾರೆ. ಈ ಎರಡು ಮಾತನ್ನೂ ಒಪ್ಪಲಾಗದು. ಚೀಟಿ ಎತ್ತುವಾಗ ಎಲ್ಲರೂ ಸಮಾನರು, ನಿಜ. ಆದರೆ ಡಬ್ಬಿಯೊಳಗೆ ಚೀಟಿ ಹಾಕುವ ತನಕದ, ಹೆಸರು ಬಂದ ಮೇಲೆ ವೀಸಾ ಸಿಗುವ ತನಕದ ದಾರಿ ಬೆಂಗಳೂರಿನ ಪದವೀಧರನಿಗೂ ಸಿಂಧನೂರು ಸೀಮೆಯ ತುರ್ವಿಹಾಳದ ಪದವೀಧರನಿಗೂ ಒಂದೇ ಅಲ್ಲ. ಆ ದಾರಿಯನ್ನು ಸರಿಮಾಡುವುದು ಸರ್ಕಾರದ ಹೊಣೆ.

ಆಸ್ಟ್ರೇಲಿಯಾದ ನಿಯಮಗಳು ಕಾಗದದ ಮೇಲೆ ಕಠಿಣವಲ್ಲ. ಪಿಯುಸಿ ನಂತರ ಎರಡು ವರ್ಷದ ಓದು, ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಸರಾಸರಿ 4.5 ಅಂಕ, ನೋಂದಣಿಗೆ 25 ಆಸ್ಟ್ರೇಲಿಯನ್ ಡಾಲರ್. ಕನ್ನಡ ಮಾಧ್ಯಮದಲ್ಲಿ ಓದಿದವರೂ ಕೆಲವು ತಿಂಗಳ ತಯಾರಿಯಿಂದ ಈ ಅಂಕ ಮುಟ್ಟಬಲ್ಲರು. ಕಷ್ಟ ಇರುವುದು ಬೇರೆ ಕಡೆ. ಅರ್ಜಿಯಿಂದ ಹಿಡಿದು ನಿಯಮಗಳ ವಿವರಣೆಯವರೆಗೆ ಎಲ್ಲವೂ ಇಂಗ್ಲಿಷಿನಲ್ಲಿದೆ. ಆ 25 ಡಾಲರ್, ಅಂದರೆ ಸುಮಾರು ಒಂದೂವರೆ ಸಾವಿರ ರೂಪಾಯಿ ಕಟ್ಟಲು ವಿದೇಶಿ ಪಾವತಿಗೆ ನಡೆಯುವ ಕಾರ್ಡ್ ಬೇಕು. ಗ್ರಾಮೀಣ ಬ್ಯಾಂಕಿನ ಖಾತೆಗೆ ಕೊಡುವ ರುಪೇ ಕಾರ್ಡಿನಿಂದ ಸಾಮಾನ್ಯವಾಗಿ ಅದು ಆಗದು. ಐಇಎಲ್‌ಟಿಎಸ್ ಪರೀಕ್ಷೆಯ ಶುಲ್ಕವೇ ಹದಿನೇಳು ಹದಿನೆಂಟು ಸಾವಿರ ರೂಪಾಯಿ. ಬೆರಳಚ್ಚು ಕೊಡಲು ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು. ಮಹಾನಗರದ ಹುಡುಗನಿಗೆ ಅರ್ಧ ದಿನದ ಕೆಲಸವಾದದ್ದು ಇಲ್ಲಿಯವರಿಗೆ ಎರಡು ರಾತ್ರಿಯ ಬಸ್ ಪ್ರಯಾಣ ಮತ್ತು ವಾರದ ದುಡಿಮೆ.

ಎಲ್ಲಕ್ಕಿಂತ ಎತ್ತರದ ಗೋಡೆ ಹಣದ್ದು. ಖರ್ಚಿಗೆಂದು ಆಸ್ಟ್ರೇಲಿಯಾ ಸುಮಾರು 5,000 ಡಾಲರ್ ತೋರಿಸಿ ಎನ್ನುತ್ತದೆ, ಬ್ರಿಟನ್ 2,530 ಪೌಂಡ್ ಕೇಳುತ್ತದೆ. ಎರಡೂ ಹತ್ತಿರಹತ್ತಿರ ಮೂರು ಲಕ್ಷ ರೂಪಾಯಿ. ಬ್ರಿಟನ್ನಿಗಾದರೆ ಆ ಮೊತ್ತ ಖಾತೆಯಲ್ಲಿ ಸತತ 28 ದಿನ ಅಲುಗಾಡದೆ ಇರಬೇಕು. ತುಂಗಭದ್ರಾ ಕಾಲುವೆ ಕೆಳಗಿನ ರೈತನ ಮನೆಯಲ್ಲಿ ಹಣ ಹೇಗೆ ಬರುತ್ತದೆ ಎಂಬುದನ್ನು ಬಲ್ಲವರಿಗೆ ಈ ನಿಯಮದ ಭಾರ ಅರ್ಥವಾಗುತ್ತದೆ. ಬೀಜ, ಗೊಬ್ಬರ, ಎಣ್ಣೆಗೆ ದಲಾಲಿ ಅಂಗಡಿಯಲ್ಲಿ ಮುಂಗಡ ತಂದಿರುತ್ತಾರೆ. ಭತ್ತ ಅದೇ ಅಂಗಡಿಗೆ ಹೋಗುತ್ತದೆ, ಬಡ್ಡಿ ಮುರಿದುಕೊಂಡ ಮೇಲೆ ಉಳಿದದ್ದು ಕೈಗೆ ಬರುತ್ತದೆ. ಮೂರು ಎಕರೆ ಹೊಲವಿದ್ದರೂ ಪಾಸ್‌ಬುಕ್ಕಿನಲ್ಲಿ ಒಂದು ತಿಂಗಳು ಮೂರು ಲಕ್ಷ ನಿಲ್ಲುವುದಿಲ್ಲ. ಹೊಲವೇ ಇಲ್ಲದ ಕೂಲಿಕಾರನ ಮಗಳ ಮಾತಂತೂ ದೂರವೇ ಉಳಿಯಿತು. ಇದರ ಮೇಲೆ ಆಸ್ಟ್ರೇಲಿಯಾದ ವೀಸಾ ಶುಲ್ಕ 650 ಡಾಲರಿಗೂ ಕಡಿಮೆಯಿಲ್ಲ, ಬ್ರಿಟನ್ನಿನ ಆರೋಗ್ಯ ಶುಲ್ಕ ಎರಡು ವರ್ಷಕ್ಕೆ 1,552 ಪೌಂಡ್, ಜೊತೆಗೆ ವಿಮಾನದ ಟಿಕೆಟ್. ಲಾಟರಿಯಲ್ಲಿ ಹೆಸರು ಬಂದರೂ ಇಷ್ಟನ್ನು ದಾಟಬಲ್ಲವರಿಗೆ ಮಾತ್ರ ವೀಸಾ ಸಿಗುತ್ತದೆ ಎಂದ ಮೇಲೆ ಅದನ್ನು ಅದೃಷ್ಟದ ಸಮಾನತೆ ಎಂದು ಕರೆಯುವುದು ಸುಳ್ಳು.

ಸರ್ಕಾರ ಇಲ್ಲದ ಜಾಗದಲ್ಲಿ ಮಧ್ಯವರ್ತಿ ಬಂದು ಕೂರುತ್ತಾನೆ. ಲಾಟರಿಯಲ್ಲಿ ಹೆಸರು ಬರುವಂತೆ ಮಾಡಿಸುತ್ತೇನೆ ಎನ್ನುವವನು ಹೇಳುತ್ತಿರುವುದು ಶುದ್ಧ ಮೋಸ. ಕಂಪ್ಯೂಟರ್ ಎತ್ತುವ ಹೆಸರನ್ನು ಯಾವ ಏಜೆಂಟನೂ ಬದಲಿಸಲಾರ. ಆದರೆ ಅಷ್ಟನ್ನು ಕನ್ನಡದಲ್ಲಿ ಹೇಳುವ ಸರ್ಕಾರಿ ಮೇಜು ಇಲ್ಲಿ ಇಲ್ಲ. ಕಾನೂನಿನ ಕಣ್ಣೂ ಬೇರೆ ಕಡೆ ನೆಟ್ಟಿದೆ. 1983ರ ವಲಸೆ ಕಾಯ್ದೆಯ ಅನುಮತಿ ವ್ಯವಸ್ಥೆ ಮುಖ್ಯವಾಗಿ ಹತ್ತನೇ ತರಗತಿ ದಾಟದವರು ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ಹೋಗುವಾಗ ಅನ್ವಯಿಸುತ್ತದೆ. ಪದವೀಧರ ಅದರ ಹೊರಗೆ ಉಳಿಯುತ್ತಾನೆ. ಅವನ ಕಾಗದಪತ್ರಗಳನ್ನು ಹೊರಡುವ ಮೊದಲು ಯಾರೂ ಪರಿಶೀಲಿಸುವುದಿಲ್ಲ. ಇದರ ಬೆಲೆ ಎಷ್ಟು ಎಂಬುದನ್ನು ಕಲ್ಯಾಣ ಕರ್ನಾಟಕ ಕಂಡಿದೆ. ಸೆಕ್ಯುರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದ ಸುದ್ದಿ 2024ರ ಫೆಬ್ರುವರಿಯಲ್ಲಿ ಹೊರಬಂತು; ಅವರು ಮನೆ ಸೇರಿದ್ದು ಸೆಪ್ಟೆಂಬರಿನಲ್ಲಿ. ಕಾನೂನುಬದ್ಧ ದಾರಿ ಯಾವುದು, ಅದು ಎಲ್ಲಿ ತೆರೆಯುತ್ತದೆ ಎಂದು ಗೊತ್ತಿಲ್ಲದ ಕಡೆಯೇ ಇಂಥ ಮಾತಿಗೆ ಗಿರಾಕಿಗಳು ಸಿಗುವುದು.

ಊರು ಬಿಡುವುದನ್ನು ಸರ್ಕಾರವೇ ಉತ್ತೇಜಿಸಬಾರದು ಎಂಬ ಆಕ್ಷೇಪವನ್ನು ಗಂಭೀರವಾಗಿ ನೋಡೋಣ. ಲಿಂಗಸುಗೂರು, ಮಸ್ಕಿ ಭಾಗದ ಒಣಬೇಸಾಯದ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಯಾವ ಸರ್ಕಾರವೂ ಉತ್ತೇಜಿಸದೆ ದಶಕಗಳಿಂದ ನಡೆದಿದೆ. ಆ ಗುಳೆಗೆ ಒಪ್ಪಂದವಿಲ್ಲ, ವಿಮೆಯಿಲ್ಲ, ಲೆಕ್ಕವಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಊರಿಗೆ ಹೊರಟ ಸಿಂಧನೂರಿನ ಕಟ್ಟಡ ಕಾರ್ಮಿಕ ಮಹಿಳೆಯೊಬ್ಬರು ಮನೆ ಮುಟ್ಟದೆ ಬಳ್ಳಾರಿಯಲ್ಲಿ ಕೊನೆಯುಸಿರೆಳೆದರು. ನೀರಾವರಿ ಸೀಮೆಯೂ ನೆಮ್ಮದಿಯಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಮರುವರ್ಷ ಗೇಟುಗಳನ್ನು ಬದಲಿಸುವ ಸಲುವಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವಾಯಿತು. ಒಂದು ಬೆಳೆ ತಪ್ಪಿದರೆ ನಾಟಿ ಮಾಡುವವರಿಂದ ರೈಸ್‌ಮಿಲ್ಲಿನ ಹಮಾಲರವರೆಗೆ ಎಲ್ಲರ ಕೆಲಸ ತಪ್ಪುತ್ತದೆ. ಇನ್ನೊಂದು ಮಾತನ್ನೂ ಮರೆಯಬಾರದು. ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪ್ ಕಟ್ಟಿದ ರೈತರು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಪುನರ್ವಸತಿ ಕ್ಯಾಂಪ್‌ಗಳಲ್ಲಿ ನೆಲೆಸಿದ ಕುಟುಂಬಗಳು ಇಂದಿನ ಸಿಂಧನೂರನ್ನು ಕಟ್ಟಿದವರಲ್ಲಿ ಸೇರಿದ್ದಾರೆ. ಹೊರಗಿನಿಂದ ಬಂದವರ ದುಡಿಮೆಯಿಂದ ಬೆಳೆದ ನೆಲ ತನ್ನ ಮಕ್ಕಳಿಗೆ ಮಾತ್ರ ಹೊರಗೆ ಹೋಗಬೇಡಿ ಎಂದು ಹೇಳಲಾಗದು.

ಡಿಗ್ರಿ ಓದಿ ಅಲ್ಲಿ ಹೋಗಿ ಹಣ್ಣು ಕೀಳಬೇಕೆ ಎಂಬುದು ಎರಡನೇ ಆಕ್ಷೇಪ. ಆಸ್ಟ್ರೇಲಿಯಾದ ತೋಟಗಳಲ್ಲಿ ಶೋಷಣೆ ಇಲ್ಲ ಎಂದು ಹೇಳುವುದು ತಪ್ಪಾಗುತ್ತದೆ. ಅಲ್ಲಿನ ಕಾರ್ಮಿಕ ನಿಗಾ ಸಂಸ್ಥೆಯೇ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಪಾಸಣೆಗೆ ಒಳಪಟ್ಟ ತೋಟಗಾರಿಕೆ ಉದ್ದಿಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಯಮ ಮುರಿದಿದ್ದವು ಎಂದು ಒಪ್ಪಿಕೊಂಡಿತು. ಆದರೆ ಅದೇ ದೇಶದ ನ್ಯಾಯಮಂಡಳಿ, ಕಿತ್ತ ಹಣ್ಣಿನ ಲೆಕ್ಕದಲ್ಲಿ ಕೂಲಿ ಕೊಟ್ಟರೂ ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆಯಾಗಬಾರದು ಎಂಬ ನಿಯಮವನ್ನು 2022ರ ಏಪ್ರಿಲ್‌ನಿಂದ ಜಾರಿಗೆ ತಂದಿತು. 2025ರ ಜುಲೈನಿಂದ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ 15 ತೆರಿಗೆ ಇದೆ. ಅದನ್ನು ಕಳೆದರೂ, ಕರ್ನಾಟಕದಲ್ಲಿ 2025-26ಕ್ಕೆ ನಿಗದಿಯಾದ 370 ರೂಪಾಯಿಯ ಉದ್ಯೋಗ ಖಾತ್ರಿ ದಿನಗೂಲಿಯ ಎದುರು ಆ ಒಂದು ಗಂಟೆಯ ಗಳಿಕೆ ದೊಡ್ಡದು. ಶೋಷಣೆಯ ಭಯಕ್ಕೆ ಮದ್ದು ತಿಳಿವಳಿಕೆ: ಕೂಲಿ ಎಷ್ಟು ಬರಬೇಕು, ದೂರು ಎಲ್ಲಿ ಕೊಡಬೇಕು ಎಂಬುದು ಹೊರಡುವ ಮೊದಲೇ ಕನ್ನಡದಲ್ಲಿ ಗೊತ್ತಿರಬೇಕು. ಇನ್ನು ಮಾನದ ಪ್ರಶ್ನೆ. ಮೈಬಗ್ಗಿಸಿ ಹೊಲದಲ್ಲಿ ದುಡಿಯುವುದು ತುರ್ವಿಹಾಳದಲ್ಲಿ ಅವಮಾನವಲ್ಲವಾದರೆ ಕ್ವೀನ್ಸ್‌ಲ್ಯಾಂಡಿನಲ್ಲೂ ಅವಮಾನವಲ್ಲ.

ದೇಶಕ್ಕೆಲ್ಲ ಒಂದು ಸಾವಿರ ಸ್ಥಾನ, ಅದಕ್ಕಾಗಿ ತಾಲ್ಲೂಕಿಗೊಂದು ವ್ಯವಸ್ಥೆ ಬೇಕೆ ಎಂಬ ಪ್ರಶ್ನೆಯೂ ಸಹಜ. ಈ ಒಂದು ವೀಸಾಕ್ಕಷ್ಟೇ ಆದರೆ ಬೇಡ. ಆದರೆ ಪಾಸ್‌ಪೋರ್ಟ್ ಮಾಡಿಸುವುದು, ಭಾಷಾ ಪರೀಕ್ಷೆಗೆ ತಯಾರಾಗುವುದು, ಬ್ಯಾಂಕ್ ದಾಖಲೆ ಹೊಂದಿಸುವುದು, ಒಪ್ಪಂದ ಓದಿ ತಿಳಿಯುವುದು, ಏಜೆಂಟನ ನೋಂದಣಿ ನಿಜವೇ ಎಂದು ನೋಡುವುದು ಜರ್ಮನಿಗೆ ಹೋಗುವ ನರ್ಸ್‌ಗೂ ದುಬೈಗೆ ಹೋಗುವ ಡ್ರೈವರ್‌ಗೂ ಬೇಕಾದದ್ದೇ. ಕೇರಳ ಅನಿವಾಸಿ ಕೇರಳಿಗರಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆಯನ್ನು 1996ರಲ್ಲೇ ತೆರೆಯಿತು. ನಮ್ಮಲ್ಲೂ ಕೌಶಲಾಭಿವೃದ್ಧಿ ಇಲಾಖೆಯ ಅಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಆದರೆ ಅದು ಇರುವುದು ಬೆಂಗಳೂರಿನಲ್ಲಿ. ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆ ಇಲ್ಲಿನವರ ತಪ್ಪಲ್ಲ, ಅದನ್ನು ಸರಿದೂಗಿಸಬೇಕು ಎಂಬ ತತ್ವದ ಮೇಲೆಯೇ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಓದಿಗೂ ನೌಕರಿಗೂ ಒಪ್ಪಿದ ಆ ತತ್ವ ಪಾಸ್‌ಪೋರ್ಟಿನ ಬಾಗಿಲಲ್ಲಿ ನಿಂತುಬಿಡಬಾರದು.

ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲಿ ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷ ಭತ್ಯೆ ಸಿಗುತ್ತದೆ. ಅಂದರೆ ಯಾವ ತಾಲ್ಲೂಕಿನಲ್ಲಿ ಯಾರು ಕೆಲಸಕ್ಕೆ ಕಾದಿದ್ದಾರೆ ಎಂಬ ಪಟ್ಟಿ ಸರ್ಕಾರದ ಕೈಯಲ್ಲೇ ಇದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪದವಿ ಕಾಲೇಜುಗಳಲ್ಲಿ ವಲಸೆ ಕೇಂದ್ರದ ಒಂದೊಂದು ಮೇಜು ಹಾಕಿ, ನೋಂದಣಿ ಯಾವಾಗ ತೆರೆಯುತ್ತದೆ ಎಂಬುದನ್ನು ಆ ಪಟ್ಟಿಯವರಿಗೆಲ್ಲ ಕನ್ನಡದಲ್ಲಿ ತಿಳಿಸಲಿ. ನೋಂದಣಿ ಮತ್ತು ಭಾಷಾ ಪರೀಕ್ಷೆಯ ಶುಲ್ಕವನ್ನು ಭರಿಸಲಿ. ಲಾಟರಿಯಲ್ಲಿ ಹೆಸರು ಬಂದವರಿಗೆ ಜಾಮೀನಿಲ್ಲದೆ, ಮರಳಿದ ಮೇಲೆ ತೀರಿಸುವಂಥ ಸಾಲ ಸಿಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುವ ಸರ್ಕಾರಕ್ಕೆ ಇದು ಭಾರವಲ್ಲ. ಹೋಗುವುದೋ ಬಿಡುವುದೋ, ಹೋದವರು ಮರಳಿ ಬಂದು ಇಲ್ಲಿ ಏನು ಮಾಡುವರು ಎಂಬುದು ಅವರವರ ತೀರ್ಮಾನ. ಆ ತೀರ್ಮಾನ ಮಾಡುವ ಅವಕಾಶವೇ ಇಲ್ಲದಂತೆ ಒಂದು ಸೀಮೆಯನ್ನು ಇಟ್ಟಿರುವುದು ಅನ್ಯಾಯ. ಮುಂದಿನ ನೋಂದಣಿ ತೆರೆಯುವ ಮೊದಲು ರಾಯಚೂರು ಜಿಲ್ಲೆಯ ಶಾಸಕರು ಈ ಬೇಡಿಕೆಯನ್ನು ವಿಧಾನಸಭೆಯಲ್ಲಿ ಇಡಬೇಕು, ಸರ್ಕಾರ ಅದಕ್ಕೆ ದಿನಾಂಕ ಸಹಿತ ಉತ್ತರ ಕೊಡಬೇಕು.