ಮಹಾಸ್ವಾಮಿ, ನನ್ನ ಮಾತೂ ಕೇಳಿ

‘ಲೇ, ಮತ್ತ ಆರ್ಡರ್ ಆರ್ಡರ್ ಶುರು ಆತೇನು ನಿಂದು?’

ರಾತ್ರಿ ಹತ್ತೂವರೆಯಾದರೆ ನನ್ನ ರೂಮ್‌ಮೇಟ್ ಕೇಳುವುದು ಇದನ್ನೇ. ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು ಸಣ್ಣ ರೂಮು. ಹಗಲೆಲ್ಲ ಲೈಬ್ರರಿಯಲ್ಲಿ ಕೂತು ಸಂವಿಧಾನದ ವಿಧಿಗಳನ್ನು ಉರು ಹೊಡೆಯುವ ನಾನು, ಮಲಗುವ ಮುಂಚೆ ಮೊಬೈಲ್‌ನಲ್ಲಿ ಹಳೇ ಕೋರ್ಟು ಸಿನಿಮಾ ನೋಡುತ್ತೇನೆ. ಅವನಿಗೆ ಅದು ಬರೀ ಕಾಮಿಡಿ.

ನಗು ಬರುವುದು ಸಹಜ. ಆ ಸಿನಿಮಾಗಳ ಕೋರ್ಟಿಗೆ ದುಡ್ಡು ಖರ್ಚಾದಂತೆಯೇ ಕಾಣುವುದಿಲ್ಲ. ಬಣ್ಣ ಬಳಿದ ಹಲಗೆಯ ಗೋಡೆ, ಮೇಲೊಂದು ಗಾಂಧೀಜಿ ಫೋಟೊ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನ್ಯಾಯದೇವತೆ, ಎರಡು ಕಟಕಟೆ. ಸಾಕ್ಷಿ ಹೇಳುವವನು ಭಗವದ್ಗೀತೆ ಮುಟ್ಟಿ ಪ್ರಮಾಣ ಮಾಡುತ್ತಾನೆ; 1969ರ ಪ್ರಮಾಣ ಕಾಯ್ದೆಯಲ್ಲಿ ಯಾವ ಗ್ರಂಥವನ್ನೂ ಮುಟ್ಟಬೇಕೆಂದಿಲ್ಲ. ಜಡ್ಜ್ ಸುತ್ತಿಗೆ ಕುಟ್ಟುತ್ತಾರೆ; ನಮ್ಮ ಕೋರ್ಟುಗಳಲ್ಲಿ ಆ ರೂಢಿಯೇ ಇಲ್ಲ. ಇನ್ನೇನು ತೀರ್ಪು ಓದಬೇಕು, ಅಷ್ಟರಲ್ಲಿ ಬಾಗಿಲಲ್ಲಿ ‘ನಿಲ್ಲಿಸಿ’ ಎಂಬ ಕೂಗು!

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ನೋಡುತ್ತೇನೆ ಎಂಬುದಕ್ಕೆ ನನ್ನದೇ ಒಂದು ಕಾರಣವಿದೆ.

ನಾನು ಬರೆದಿದ್ದ ಒಂದು ಪರೀಕ್ಷೆಯ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಊರಲ್ಲಿ ಅವ್ವ ಪೇಡೆ ಹಂಚಿಯೂ ಆಗಿತ್ತು. ಆಮೇಲೆ ಯಾರೋ ತಕರಾರು ತೆಗೆದು ಕೋರ್ಟಿಗೆ ಹೋದರು. ಅಲ್ಲಿಗೆ ಎಲ್ಲವೂ ನಿಂತಿತು. ಎರಡು ವರ್ಷದಿಂದ ಇ–ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿ ಮುಂದಿನ ತಾರೀಖು ನೋಡುವುದೇ ಕೆಲಸವಾಗಿದೆ.

ಪ್ರತಿ ತಾರೀಖಿನ ಸಂಜೆ ಅಪ್ಪನ ಫೋನ್ ಬರುತ್ತದೆ.

‘ಏನಾತಪಾ?’

‘ಮುಂದಿನ ಡೇಟ್ ಕೊಟ್ಟಾರ.’

‘ನಿನ್ನ ಏನರ ಕೇಳಿದ್ರೇನು?’

ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ನಾನು ಅಲ್ಲಿಗೆ ಹೋಗಬೇಕಾಗಿಯೇ ಇಲ್ಲ, ವಕೀಲರು ನೋಡಿಕೊಳ್ಳುತ್ತಾರೆ ಎಂದು ವಿವರಿಸಿದೆ. ಅಪ್ಪ ಒಪ್ಪಲಿಲ್ಲ. ‘ನೌಕರಿ ನಿಂದು. ನಿನ್ನ ಕೇಳದ ಹೆಂಗ ಗೊತ್ತಾಗತೈತಿ ಅವರಿಗೆ?’ ಎಂದರು. ಅಪ್ಪ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಅವರು ಕಂಡಿದ್ದು ಟೆಂಟಿನಲ್ಲಿ ಕೂತು ನೋಡಿದ ಸಿನಿಮಾದ ಕೋರ್ಟನ್ನಷ್ಟೇ.

ಆ ಕೋರ್ಟಿನಲ್ಲಿ ಎಂಥ ಬಡವನನ್ನೂ ಹೆಸರು ಹಿಡಿದು ಕರೆಯುತ್ತಾರೆ. ‘ನೀನು ಹೇಳುವುದೇನಾದರೂ ಇದೆಯಾ?’ ಎಂದು ಜಡ್ಜ್ ಕೇಳುತ್ತಾರೆ. ಅವನು ಅಳುತ್ತ, ತಡವರಿಸುತ್ತ ಹೇಳಿ ಮುಗಿಸುವವರೆಗೂ ಎಲ್ಲರೂ ಕೂತು ಕೇಳುತ್ತಾರೆ. ಸೆಟ್ಟಿಗೆ ದುಡ್ಡಿಲ್ಲದಿದ್ದರೂ ಮಾತಿಗೆ ಬೇಕಾದಷ್ಟು ಹೊತ್ತು ಕೊಟ್ಟಿದ್ದಾರೆ. ಅರ್ಜಿ, ನೋಂದಣಿ ಸಂಖ್ಯೆ, ಹಾಲ್‌ಟಿಕೆಟ್ ಎಂದು ಬರೀ ಅಂಕಿಯಾಗಿಬಿಟ್ಟ ನಮ್ಮಂಥವರಿಗೆ ಅದು ಸಣ್ಣ ಸುಖವಲ್ಲ.

ಈ ಸಿನಿಮಾಗಳ ಎಲ್ಲವನ್ನೂ ನಾನು ಒಪ್ಪುತ್ತೇನೆಂದಲ್ಲ. 1982ರ ‘ನ್ಯಾಯ ಎಲ್ಲಿದೆ’ ಚಿತ್ರದಲ್ಲಿ ಶಂಕರ್‌ನಾಗ್ ಕಾನೂನಿನ ಕಣ್ಣು ತಪ್ಪಿಸಿ ತಾನೇ ಸೇಡು ತೀರಿಸಿಕೊಳ್ಳುತ್ತಾರೆ. ಶಿಳ್ಳೆ ಹೊಡೆಯಬೇಕೆನಿಸುತ್ತದೆ, ನಿಜ. ಆದರೆ ಎಲ್ಲರೂ ಹಾಗೇ ಹೊರಟರೆ ಗಟ್ಟಿ ತೋಳಿನವನದೇ ನ್ಯಾಯವಾಗುತ್ತದೆ. ನನಗೆ ಹಿಡಿಸುವುದು 1989ರ ‘ಯುದ್ಧಕಾಂಡ’. ಹಿಂದಿಯ ‘ಮೇರಿ ಜಂಗ್’ ಚಿತ್ರದ ರಿಮೇಕ್ ಅದು. ತಪ್ಪು ಮಾಡದ ತಂದೆ ಗಲ್ಲಿಗೇರಿದ ಮೇಲೆ ಮಗ ಕಾನೂನು ಓದಿ, ಕರಿಕೋಟು ಹಾಕಿಕೊಂಡು ಕೋರ್ಟಿಗೇ ಬರುತ್ತಾನೆ. ತನಗೆ ಮೋಸ ಮಾಡಿದ ಜಾಗವನ್ನೇ ಮತ್ತೆ ನಂಬುವುದಕ್ಕೆ ಹೆಚ್ಚು ಧೈರ್ಯ ಬೇಕು.

ಅಪ್ಪನ ಪ್ರಶ್ನೆ ದಡ್ಡತನದ್ದಲ್ಲ ಎಂದು ಈಗ ಅನ್ನಿಸುತ್ತದೆ. ಬಾಧಿತರ ಮಾತು ಕೇಳದೆ ತೀರ್ಮಾನ ಮಾಡಬಾರದು ಎನ್ನುವುದು ಸಹಜ ನ್ಯಾಯದ ತತ್ವ. ನನ್ನ ನೋಟ್ಸಿನಲ್ಲಿ ಅದಕ್ಕೆ ಎರಡು ಬಾರಿ ಗೆರೆ ಎಳೆದಿದ್ದೇನೆ. ಪುಸ್ತಕ ಓದದ ಅಪ್ಪನಿಗೆ ಅದನ್ನು ಕಲಿಸಿದ್ದು ಹಲಗೆ ಗೋಡೆಯ ಆ ಕೋರ್ಟು.

ಮುಂದಿನ ತಾರೀಖು ಬರುವ ತಿಂಗಳಿದೆ. ಅಂದು ಬೆಳಿಗ್ಗೆಯೇ ಬಸ್ಸು ಹತ್ತಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕೆಂದುಕೊಂಡಿದ್ದೇನೆ. ನನ್ನನ್ನು ಯಾರೂ ಏನೂ ಕೇಳಲಿಕ್ಕಿಲ್ಲ. ಸಂಜೆ ಅಪ್ಪ ಫೋನ್ ಮಾಡಿದಾಗ ‘ನಾನೂ ಅಲ್ಲೇ ಇದ್ದೆ’ ಎಂದಾದರೂ ಹೇಳಬಹುದು.