ಚಿನ್ನ ದೊರೇದು, ಅಗೆದ ಕೈ ಯಾರದು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಮೇಷ್ಟ್ರುಗಳೇ, ಈಜಿಪ್ಟಿನ ಪಾಠ ಬಂದಾಗ ತೂತಂಖಾಮನ್ ದೊರೆಯ ಚಿನ್ನದ ಮುಖವಾಡದ ಚಿತ್ರ ತೋರಿಸ್ತೀರಿ. 1922ರಲ್ಲಿ ಪತ್ತೆಯಾದ ಗೋರಿಯದು. ತೂಕ 10 ಕಿಲೋಗೂ ಹೆಚ್ಚು. ಮಕ್ಕಳು ಬಾಯಿ ಬಿಟ್ಟು ನೋಡ್ತವೆ. ನಾವು ಕೇಳ್ತೀವಿ: ಗಣಿ ಅಗೆದವರು, ಗೋರಿ ಕೊರೆದವರು ನಿಮ್ಮ ಪಾಠದಲ್ಲಿ ಎಲ್ಲಿದ್ದಾರೆ? ಮುಂದೆ ಮೂರನೇ ರಾಮ್ಸೆಸನ ಕಾಲದಲ್ಲಿ, ಈಗ್ಗೆ 3,000 ವರ್ಷಕ್ಕೂ ಹಿಂದೆ, ದೊರೆಗಳ ಗೋರಿ ಕೊರೆಯೋ ಆಳುಗಳು ಕೂಲಿಯ ಕಾಳು ಬರದೆ ಹಸಿದು ಕೆಲಸ ನಿಲ್ಲಿಸಿ ಕೂತರು. ಅದು ಇತಿಹಾಸ ಅಲ್ಲವೇ?

ಅಷ್ಟು ದೂರ ಯಾಕೆ? ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದವರಲ್ಲಿ ಬಹುಪಾಲು ದಲಿತರು. ಬ್ರಿಟಿಷರ ಕಾಲದಲ್ಲಿ ಚಿನ್ನ ಹಡಗು ಹತ್ತಿತು, ಕಲ್ಲಿನ ಧೂಳು ನಮ್ಮವರ ಎದೆಯಲ್ಲಿ ಉಳಿಯಿತು. 2001ರಲ್ಲಿ ಗಣಿಗೆ ಬೀಗ ಬಿತ್ತು. 1928ರಲ್ಲಿ ಇಂದೋರ್ ಸೀಮೆಯ ಮೇಲ್ಜಾತಿಯವರು, ಬಲಾಯಿ ಎಂಬ ಅಸ್ಪೃಶ್ಯ ಜಾತಿಯ ಹೆಂಗಸರು ಚಿನ್ನ ಬೆಳ್ಳಿ ತೊಡಕೂಡದೆಂದು ಕಟ್ಟಳೆ ಹಾಕಿದ್ದನ್ನು ಅಂಬೇಡ್ಕರ್ ಬರೆದಿಟ್ಟಿದ್ದಾರೆ. ಅಗೆಯೋಕೆ ನಾವು ಬೇಕು, ನಾವು ತೊಟ್ಟರೆ ಮಾತ್ರ ಮೈಲಿಗೆ!

ಚಿನ್ನ ಬೇಡ ಅನ್ನೋರಲ್ಲ ನಾವು. ಗಾಜಿನ ಪೆಟ್ಟಿಗೆಗೆ ಕೈ ಮುಗಿಸೋ ಪಾಠ ಬೇಡ ಅಂತೀವಿ. ಮೇಷ್ಟ್ರೇ, ನಾಳೆ ಬೋರ್ಡಿನ ಮೇಲೆ ದೊರೆಯ ಹೆಸರಿನ ಪಕ್ಕದಲ್ಲೇ ಇನ್ನೊಂದು ಮಾತು ಬರೀರಿ: ಮುಷ್ಕರ.